ಕುತ್ತಿಗೆಯ ಕೆಳಗೆ ಎರಡು ಬೆರಳು

ಫೆಬ್ರವರಿ 3

ಪಾದರಸಕ್ಕೆ,

ನಾಲ್ಕನೇ ಕ್ಲಾಸು ದಾಟದವಳ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯಲ್ಲ, ಏನು ಹೇಳಲಿ ನಿನಗೆ. ಒಂದು ಹಾಳೆ ತುಂಬಿಸೋ ಹೊತ್ತಿಗೆ ನಾನು ಒಂದು ಎಂಜಿನ್ ಬಿಚ್ಚಿ ಇಡ್ತಿದ್ದೆ. ಫೋನು ಮಾಡ್ತೀನಿ ಅಂತೀಯ. ನನಗೆ ಕಿವಿ ಹೋಗಿದೆ ಅನ್ನೋದು ಬೀದಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಮರೆತು ಹೋಗುತ್ತೆ. ಮೆಸೇಜು ಹಾಕಿ ಅತ್ತೆ ಅಂತ ನಿನ್ನ ಅತ್ತಿಗೆ ತನ್ನ ಫೋನು ಕೊಟ್ಟಳು. ಇಷ್ಟು ವರ್ಷ ಗರಗಸ, ಗ್ರೈಂಡರ್ ಹಿಡಿದು ಜಡ್ಡುಗಟ್ಟಿದ ಬೆರಳು, ಆ ಗಾಜಿಗೆ ಇದು ಬೆರಳೇ ಅಲ್ಲವಂತೆ. ಒತ್ತಿದೆ, ಒಪ್ಪಲಿಲ್ಲ. ಕುಟ್ಟಿದೆ. ಕಿತ್ತುಕೊಂಡಳು. ಅದಕ್ಕೇ ಈ ಕಾಗದ. ಅಕ್ಷರದ ತಪ್ಪು ಹುಡುಕಿದರೆ ಮುಂದಿನದು ಬರಲ್ಲ.

ನಿನ್ನ ಕಾಗದ ಓದಿದೆ. ಹಳೇ ಸ್ಪೋರ್ಟ್ಸ್ ಬೈಕು ಕೊಳ್ಳಬೇಕು, ಏನು ನೋಡಬೇಕು ಹೇಳು ಅಂದಿದ್ದೀಯ. ಕೆಂಪು ಬಣ್ಣ ಅಂತ ಮೂರು ಕಡೆ ಬರೆದಿದ್ದೀಯ, ಎಷ್ಟು ಓಡಿದೆ ಅಂತ ಒಂದು ಕಡೆಯೂ ಇಲ್ಲ. ಗಾಡಿ ನೋಡೋಕೆ ಹೊರಟವಳಾ, ಬಟ್ಟೆ ಅಂಗಡಿಗೆ ಹೊರಟವಳಾ?

ಇದನ್ನೆಲ್ಲ ಯಾರಾದರೂ ಮೆಕ್ಯಾನಿಕ್‌ನ ಕೇಳಬೇಕಿತ್ತು. ನನ್ನದು ಗುಜರಿ. ನಮ್ಮಲ್ಲಿಗೆ ಬರೋದು ಸತ್ತ ಗಾಡಿ. ಬಿದ್ದದ್ದು, ಗುದ್ದಿದ್ದು, ಸುಟ್ಟದ್ದು. ಬಿಚ್ಚಿ ಒಳ್ಳೇ ಸಾಮಾನು ಮಾರಿ ಉಳಿದದ್ದು ಕುಲುಮೆಗೆ ಹಾಕೋದು. ಗಾಡಿ ಹೇಗೆ ಬದುಕುತ್ತೆ ಅಂತ ನನಗೆ ಗೊತ್ತಿಲ್ಲ, ಹೇಗೆ ಸಾಯುತ್ತೆ ಅಂತ ಗೊತ್ತು. ಅಷ್ಟನ್ನೇ ಬರೀತೀನಿ.

ಹೋದ ತಕ್ಷಣ ಎಂಜಿನ್ ಮೇಲೆ ಅಂಗೈ ಇಡು. ತಣ್ಣಗಿರಬೇಕು. ಬಿಸಿ ಇದ್ದರೆ ನಮಸ್ಕಾರ ಹೇಳಿ ವಾಪಸ್ ಬಾ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇನೇ ಒಳಗಿನ ರೋಗ ಬಾಯಿ ಬಿಡೋದು. ಡಬ್ಬಿಗೆ ನಟ್ಟು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂದು, ಕಾದ ಮೇಲೆ ನಿಂತು ಹೋದರೆ, ಒಳಗಿನ ಟೈಮಿಂಗ್ ಚೈನನ್ನು ಬಿಗಿ ಹಿಡಿಯೋ ಟೆನ್ಷನರ್ ಸೋತಿದೆ ಅಂತ. ಇಂಥ ಗಾಡಿಗಳಿಗೆ ಅದು ಹುಟ್ಟುರೋಗ. ಆ ಚೈನು ಹಾರಿದ ದಿನ ಎಂಜಿನ್ ಒಳಗೆ ಉಳಿಯೋದು ಪುಡಿ. ಆಮೇಲೆ ಸೀಟು ಎತ್ತಿ ಚಾರ್ಜಿಂಗ್ ವೈರಿನ ಜೋಡಣೆ ನೋಡು. ಪ್ಲಾಸ್ಟಿಕ್ಕು ಕಂದು ತಿರುಗಿ ಕರಗಿದ್ದರೆ ಮಾರುವವನು ನಿನಗೆ ಹೇಳದ ಕಥೆ ಒಂದಿದೆ. ಮುಂದಿನ ಫೋರ್ಕಿನ ಕಾಲನ್ನು ಬೆರಳಿಂದ ಒರೆಸು, ಎಣ್ಣೆ ಅಂಟಿದರೆ ಸೀಲು ಹೋಗಿದೆ. ಎರಡನೇ ಗೇರಿನಲ್ಲಿ ಜೋರಾಗಿ ಎಳೆದು ನೋಡು. ಗೇರು ತಾನಾಗಿ ಕಳಚಿದರೆ ಯಾವನೋ ಮುಂದಿನ ಚಕ್ರ ಎತ್ತಿ ಆಟ ಆಡಿದ್ದಾನೆ. ಹ್ಯಾಂಡಲ್ ತುದಿ, ಬ್ರೇಕ್ ಹಿಡಿಯ ತುದಿ, ಕಾಲಿಡೋ ಕಡ್ಡಿಯ ತುದಿ, ಬಿದ್ದ ಗಾಡಿ ಮೊದಲು ನೆಲ ಮುಟ್ಟೋದು ಇಲ್ಲೇ. ಒಂದು ಮಗ್ಗುಲು ಹೊಸದಿದ್ದರೆ ಆ ಮಗ್ಗುಲಿಗೆ ಬಿದ್ದಿದೆ. ಎರಡೂ ಹೊಸದಿದ್ದರೆ ಮಾರುವವನು ಬುದ್ಧಿವಂತ.

ಬೀದಿ ಕೊನೆ ತನಕ ಓಡಿಸಿ ಬಂದು ಎಲ್ಲ ಸರಿ ಇದೆ ಅನ್ನಬೇಡ. ಬೀದಿ ಕೊನೆ ತನಕ ತಳ್ಳುಗಾಡಿಯೂ ಚೆನ್ನಾಗೇ ಓಡುತ್ತೆ.

ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರೋಕೆ ಬಸ್ಸಿದೆ. ಆದರೂ ಇದು ಯಾಕೆ ಬೇಕು ನಿನಗೆ? ನಿಮ್ಮಮ್ಮನಿಗೆ ಹೇಳಿದ್ದೀಯಾ? ಅವಳು ನನ್ನ ತಂಗಿ, ಅವಳ ಹೆದರಿಕೆ ನನಗೆ ಗೊತ್ತು. ದುಡ್ಡು ಕೈ ಬಿಡೋಕೆ ಮುಂಚೆ ನನಗೆ ಬರೆ.

ದೊಡ್ಡಮ್ಮ


ಫೆಬ್ರವರಿ 10

ದೊಡ್ಡಮ್ಮ,

ನಿನ್ನ ಕಾಗದವನ್ನ ಎಕ್ಸ್‌ರೇ ಕೋಣೆಯ ಬಾಗಿಲ ಹಿಂದೆ ನಿಂತು ಓದಿದೆ. ಹೊರಗೆ ಕಾಯ್ತಾ ಇದ್ದ ಮೊಣಕಾಲು ನೋವಿನ ಅಜ್ಜ, "ಯಾಕಮ್ಮ ಒಬ್ಬಳೇ ನಗ್ತೀಯ, ನನ್ನ ಮೂಳೆ ಅಷ್ಟು ಚೆನ್ನಾಗಿದೆಯಾ?" ಅಂದರು.

ಗಾಡಿ ನೋಡಿ ಬಂದೆ. ಮಾರುವವರು ಜಿಮ್ ಮಾಸ್ತರು, ತುಂಬ ಒಳ್ಳೆಯವರು. ಮಾತಿಗೆ ಮುಂಚೆ ನೀರು ಕೊಟ್ಟರು. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಆ ಗಾಡಿಯನ್ನ ಬಿಟ್ಟು ಕೊಡಲ್ಲ ಅಂತ ಸೀಟು ತಬ್ಬಿಕೊಂಡು ಕೂತಿದ್ದಳು. ಗಾಡಿಯನ್ನ ಅಷ್ಟು ಪ್ರೀತಿಯಿಂದ ಇಟ್ಟುಕೊಂಡವರು ಅಂತ ಅಲ್ಲೇ ಗೊತ್ತಾಯಿತು.

ನೀನು ಹೇಳಿದ್ದೆಲ್ಲ ನೋಡಿದೆ. ಫೋರ್ಕಿನಲ್ಲಿ ಎಣ್ಣೆ ಇಲ್ಲ. ವೈರಿನ ಜೋಡಣೆ ಬೆಳ್ಳಗಿದೆ. ತುದಿಗಳಲ್ಲಿ ಗೀರು ಇದೆ, ಹೊಸದೇನೂ ಹಾಕಿಲ್ಲ, ಅಂದರೆ ಅವರು ಬುದ್ಧಿವಂತರಲ್ಲ, ನಿನಗೆ ಸಮಾಧಾನವಾಗಲಿ. ಬೀದಿ ಕೊನೆ ತನಕ ಓಡಿಸಿದೆ, ಅದಕ್ಕಿಂತ ದೂರ ಬೇಡ ಅಂದರು. ಎರಡನೇ ಗೇರು ಕಳಚಲಿಲ್ಲ. ಎಂಜಿನ್ ಸ್ವಲ್ಪ ಬೆಚ್ಚಗಿತ್ತು. ನಾನು ಬರ್ತೀನಿ ಅಂತ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರಂತೆ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು.

ಯಾಕೆ ಬೇಕು ಅಂದೆಯಲ್ಲ. ನನ್ನ ಕೋಣೆಗೆ ಕಿಟಕಿ ಇಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ನಾನು ಹೇಳೋದು ಎರಡೇ ಮಾತು. ಉಸಿರು ಹಿಡೀರಿ. ಅಲುಗಾಡಬೇಡಿ. ಮಕ್ಕಳಿಗೂ ಅದೇ, ಮುದುಕರಿಗೂ ಅದೇ. ಸಂಜೆ ಹೊರಗೆ ಬಂದ ಮೇಲೂ ಯಾರೋ ನನಗೇ ಅದನ್ನ ಹೇಳ್ತಾ ಇದ್ದ ಹಾಗಿರುತ್ತೆ. ಬಸ್ಸಿನಲ್ಲಿ ಕೂತರೆ ಕಾಲು ತಾನೇ ಕುಣಿಯುತ್ತೆ, ಪಕ್ಕದವರು ಬೈತಾರೆ. ಅವತ್ತು ಬೀದಿ ಕೊನೆ ತನಕ ಹೋದಾಗ ಮಾತ್ರ ಕಾಲು ಸುಮ್ಮನಿತ್ತು. ನಂಬು ಬಿಡು, ನಿನ್ನಿಷ್ಟ.

ಅಮ್ಮನಿಗೆ ಸಮಯ ನೋಡಿ ಹೇಳ್ತೀನಿ. ಸದ್ಯಕ್ಕೆ ಇನ್ನೂ ಯೋಚನೆ ಮಾಡ್ತಾ ಇದ್ದೀನಿ.

ನಿನ್ನ ಪಾದರಸ


ಫೆಬ್ರವರಿ 15

ಪಾದರಸಕ್ಕೆ,

ಬೆಚ್ಚಗಿತ್ತಂತೆ. ಒಳ್ಳೇ ಮನಸ್ಸಂತೆ. ನಾನು ಇಷ್ಟು ಕಷ್ಟಪಟ್ಟು ಬರೆದದ್ದರಲ್ಲಿ ಮೊದಲನೇ ಮಾತೇ ಅದು, ಅದನ್ನೇ ಬಿಟ್ಟೆ. ನೀರು ಕೊಟ್ಟ ಕೈ ನೋಡಿದೆ, ಎಂಜಿನ್ ನೋಡಲಿಲ್ಲ. ಮಗು ಸೀಟು ತಬ್ಬಿಕೊಂಡರೆ ಗಾಡಿ ಗಟ್ಟಿಯಾ? ನಿನ್ನ ಜಿಮ್ ಮಾಸ್ತರನ ತೋಳು ಗಟ್ಟಿ ಇರಬಹುದು, ಅದನ್ನ ಓಡಿಸ್ತೀಯಾ?

ಹೇಳದೆ ಇನ್ನೊಂದು ಸಲ ಹೋಗು. ಬೆಳಿಗ್ಗೆ ಹೋಗು, ಅವನು ಹಲ್ಲುಜ್ಜೋ ಹೊತ್ತಿಗೆ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸು. ನಡುವೆ ಒಂದು ಕಡೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ತಡೆದರೆ ಹ್ಯಾಂಡಲ್ ತಿರುಗಿಸೋ ಬೇರಿಂಗು, ಕೋನ್ ಸೆಟ್, ಹೋಗಿದೆ. ಹ್ಯಾಂಡಲ್ ಪೂರ್ತಿ ತಿರುಗಿ ತಾಗೋ ಜಾಗ ಜಜ್ಜಿದ್ದರೆ ಮುಂದೆ ಗುದ್ದಿದ ಗಾಡಿ. ಹಿಂದೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡು, ಎರಡು ಚಕ್ರ ಒಂದೇ ಸಾಲಿನಲ್ಲಿರಬೇಕು.

ನನಗೆ ಬೇರೆ ಕೆಲಸವೂ ಇಲ್ಲ ಈಗ. ಗುಜರಿ ನಿನ್ನ ಅಣ್ಣನ ಕೈಗೆ ಹೋಯಿತು. ಅಮ್ಮ, ನೀನು ಕೂತ್ಕೋ, ನಾನು ನೋಡ್ಕೋತೀನಿ ಅಂದ. ಕೂತಿದ್ದೀನಿ. ಹಿಂದಿನ ಕೋಣೆಯ ಮಂಚದ ಮೇಲೆ ಕೂತು ನೆಲಕ್ಕೆ ಕಾಲಿಟ್ಟರೆ ಗ್ರೈಂಡರ್ ಓಡೋದು ಗೊತ್ತಾಗುತ್ತೆ, ಹಿಮ್ಮಡಿಯಲ್ಲಿ ಜುಮ್ ಅನ್ನುತ್ತೆ. ಈಚೆಗೆ ದಿನಕ್ಕೆ ಒಂದೆರಡು ಸಲ ಓಡಿದರೆ ಹೆಚ್ಚು. ಅಷ್ಟು ಕಮ್ಮಿ ಕೊಯ್ದು ಗುಜರಿ ನಡೆಸೋದು ಹೇಗೋ ಗೊತ್ತಿಲ್ಲ. ಕೇಳಿದರೆ ಕಾಲ ಬದಲಾಗಿದೆ ಅಂತ ಸನ್ನೆ ಮಾಡ್ತಾನೆ.

ನನ್ನ ಕಾಲದಲ್ಲಿ ಬಾಗಿದ ಚಾಸಿ, ಅದೇ ಗಾಡಿಯ ಎಲುಬುಗೂಡು, ಒಂದೂ ಇಡಿಯಾಗಿ ಗೇಟು ದಾಟಿಲ್ಲ. ಒಂದೇ ಒಂದು ಸಲ ಮಾರಿದ್ದೆ, ಯಾರೋ ಬಡಿದು ನೆಟ್ಟಗೆ ಮಾಡ್ಕೋತೀನಿ ಅಂದರು, ಕೊಟ್ಟೆ. ಅದೇ ಚಾಸಿ ಮತ್ತೆ ನನ್ನ ಅಂಗಳಕ್ಕೆ ಬಂತು. ಜೊತೆಗೆ ಚೈನಿಗೆ ಸಿಕ್ಕಿಕೊಂಡು ಒಂದು ಚಪ್ಪಲಿಯೂ ಬಂತು. ಒಂದೇ. ಅವತ್ತಿನಿಂದ ಬಾಗಿದ ಚಾಸಿ ಬಂದರೆ ಎಂಜಿನ್ ಇಳಿಸೋಕೆ ಮುಂಚೆ ಗರಗಸ. ಹ್ಯಾಂಡಲ್ ಕೂರೋ ಕುತ್ತಿಗೆ ಇದೆಯಲ್ಲ, ಅದರ ಕೆಳಗೆ ಎರಡು ಬೆರಳು ಬಿಟ್ಟು, ಎಡ ಮಗ್ಗುಲಲ್ಲಿ ಕೊಯ್ದುಬಿಡೋದು. ನನ್ನದು ಎಡಗೈ ಅಲ್ಲವಾ, ಗೆರೆ ನೆಟ್ಟಗೆ ಬರಲ್ಲ, ಮುಂದಕ್ಕೆ ಹೋಗ್ತಾ ಮೇಲಕ್ಕೆ ಏರುತ್ತೆ. ನಿಮ್ಮ ದೊಡ್ಡಪ್ಪ ಇದ್ದಾಗ ನಗ್ತಿದ್ದರು, ಇದು ನಿನ್ನ ಸಹಿ ಕಣೇ ಅಂತ. ಕೊಯ್ದದ್ದನ್ನೆಲ್ಲ ಹಿಂದಿನ ಶೆಡ್ಡಿಗೆ ಹಾಕಿ ಬೀಗ. ಕುಲುಮೆಯವನು ಬಂದಾಗ ನಾನೇ ನಿಂತು ತೂಕ ಹಾಕಿಸ್ತಿದ್ದೆ.

ಇದೆಲ್ಲ ನಿನಗೆ ಯಾಕೆ ಬರೆದೆ ಅಂತ ನನಗೇ ತಿಳಿಯದು. ಪೆನ್ನು ಹಿಡಿದರೆ ನಿಲ್ಲಿಸೋಕೆ ಬರ್ತಾ ಇಲ್ಲ. ದುಡ್ಡು ಕೊಟ್ಟಿಲ್ಲ ತಾನೇ? ಅದಕ್ಕೆ ಉತ್ತರ ಕೊಡು.

ದೊಡ್ಡಮ್ಮ


ಫೆಬ್ರವರಿ 16

ದೊಡ್ಡಮ್ಮ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯೋಕೆ ನನಗೆ ಬರಲ್ಲ ಅಂತ ನಿನಗೆ ಗೊತ್ತು, ಅದಕ್ಕೇ ಇನ್ನೊಂದು ಬರೀತಾ ಇದ್ದೀನಿ. ಅಂಚೆಯವನು ಬಂದರೆ ನಾನು ಅರ್ಧ ಮೆಟ್ಟಿಲಲ್ಲೇ ಎದುರಾಗ್ತೀನಿ, ಪಾಪ ಹೆದರಿ ಪಕ್ಕಕ್ಕೆ ಸರೀತಾನೆ.

ಗಾಡಿಯನ್ನ ಇನ್ನೊಂದು ಸಲ ಚೆನ್ನಾಗಿ ನೋಡಿದೆ. ನಿನಗೆ ಖುಷಿಯಾಗೋ ಹಾಗೆ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿದೆ. ಡಬ್ಬಿಯ ಸದ್ದು ಇಲ್ಲ! ಎಣ್ಣೆ ಜೇನಿನ ಬಣ್ಣ. ಪಕ್ಕದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಒಳಗೆಲ್ಲ ತೊಳೆದೆ, ಸಂದಿಯಲ್ಲಿ ಒಣಗಿದ ಎಲೆ, ಮಗುವಿನ ಕೂದಲ ಕ್ಲಿಪ್ಪು ಸಿಕ್ಕಿತು.

ಒಂದು ವಿಷಯ ನಿನ್ನ ಕೇಳಬೇಕು. ಹ್ಯಾಂಡಲ್ ಕೂರೋ ಕುತ್ತಿಗೆ ಇದೆಯಲ್ಲ, ಅದರ ಸ್ವಲ್ಪ ಕೆಳಗೆ, ಎಡಗಡೆ, ಬಣ್ಣದ ಅಡಿಯಲ್ಲಿ ಒಂದು ಉಬ್ಬು ಇದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗುತ್ತೆ. ಓರೆಯಾಗಿ, ಮುಂದಕ್ಕೆ ಹೋಗ್ತಾ ಮೇಲಕ್ಕೆ ಏರುತ್ತೆ. ಜಿಮ್ ಮಾಸ್ತರನ್ನ ಕೇಳಿದರೆ ಕಂಪನಿಯದೇ ವೆಲ್ಡಿಂಗ್ ಇರಬೇಕು ಅಂದರು. ನನಗೇನೂ ಭಯವಾಗಲಿಲ್ಲ. ನಮ್ಮ ಕೋಣೆಯಲ್ಲಿ ದಿನಾ ನೋಡ್ತೀನಲ್ಲ, ಮುರಿದ ಮೂಳೆ ಕೂಡಿದ ಜಾಗದಲ್ಲಿ ಹೀಗೇ ಒಂದು ಗಂಟು ಕಟ್ಟುತ್ತೆ. ಅದನ್ನ ಕಂಡರೆ ಡಾಕ್ಟರಿಗೂ ಖುಷಿ, ನನಗೂ ಖುಷಿ. ಕೂಡಿದ ಜಾಗ ಮತ್ತೆ ಅಷ್ಟು ಸುಲಭಕ್ಕೆ ಮುರಿಯಲ್ಲ. ಇದೂ ಹಾಗೇ ಅಂದುಕೊಂಡೆ. ಹೌದು ತಾನೇ?

ಇನ್ನೊಂದೇ ಒಂದು ಸಣ್ಣದು. ಕೆರೆ ಏರಿಯ ತಿರುವಿನಲ್ಲಿ ವೇಗ ಜಾಸ್ತಿ ಇದ್ದರೆ ಹ್ಯಾಂಡಲ್ ಕೈಯಲ್ಲಿ ಲಘುವಾಗಿ ನಡುಗುತ್ತೆ. ಚಳಿ ಹಿಡಿದ ಹಾಗೆ. ವೇಗ ಇಳಿಸಿದರೆ ನಿಲ್ಲುತ್ತೆ. ಟೈರಿನ ಗಾಳಿ ಇರಬೇಕು.

ಬೇಗ ಬರೆ.

ಪಾದರಸ


ಫೆಬ್ರವರಿ 20

ಇಳಿ. ಈ ಕಾಗದ ಓದೋ ಹೊತ್ತಿಗೆ ಆ ಗಾಡಿ ಮೇಲೆ ಕೂತಿದ್ದರೆ ಇಳಿ.

ಪಕ್ಕದ ಮನೆ ಹೊಲಿಗೆಯವಳ ಕೈಲಿ ನಿನಗೆ ಫೋನು ಮಾಡಿಸಿದೆ. ಓಡಿಸಬೇಡವಂತೆ ಅಂತ ಅಷ್ಟೇ ಹೇಳಿಸಿದೆ, ಮಿಕ್ಕದ್ದು ಅವಳ ಮುಂದೆ ಆಡೋ ಮಾತಲ್ಲ. "ಸರಿ ಅಂದಳು" ಅಂತ ಕೈ ಸನ್ನೆ ಮಾಡಿದಳು. ನಿನ್ನ ಸರಿ ನಾನು ಕಾಣದ್ದಾ? ಮರ ಹತ್ತಬೇಡ ಅಂದಾಗಲೂ ಸರಿ ಅಂತಿದ್ದೆ, ಮೇಲಿನ ಕೊಂಬೆಯಿಂದ.

ಬೀದಿ ಕೊನೆ ತನಕ ಬಿಟ್ಟ ಅಂದೆ. ಕೆರೆ ಏರಿ ಎಲ್ಲಿಂದ ಬಂತು? ಬೇರೆಯವನ ಗಾಡಿಯನ್ನ ಯಾರಾದರೂ ಹೊದಿಕೆ ಬಿಚ್ಚಿ ತೊಳೀತಾರಾ? ಕೊಂಡಿದ್ದೀಯ. ನನಗೆ ಮೊದಲನೇ ಕಾಗದ ಬರೆಯೋ ಹೊತ್ತಿಗೇ ಕೊಂಡಿದ್ದೆ ಅಂತ ಈಗ ಅನ್ನಿಸ್ತಿದೆ. ಸರಿ ಇದೆ ಅಂತ ನನ್ನ ಬಾಯಲ್ಲಿ ಹೇಳಿಸೋಕೆ ಈ ವಯಸ್ಸಿನಲ್ಲಿ ಕಾಗದ ಬರೆಸಿದ್ದೀಯ. ಅದರ ಬೈಗುಳ ಬೇರೆ ಇದೆ, ಎದುರಿಗೆ ಸಿಕ್ಕಾಗ.

ನಾನು ಹದಿನೈದಕ್ಕೆ ಬರೆದದ್ದು ಇಷ್ಟು ಹೊತ್ತಿಗೆ ಸಿಕ್ಕಿರಬೇಕು. ತೆಗೆದು ಓದು. ಎಡ ಮಗ್ಗುಲು, ಎರಡು ಬೆರಳು, ಓರೆ, ಮೇಲಕ್ಕೆ. ಅದು ಕಂಪನಿಯ ವೆಲ್ಡಿಂಗಲ್ಲ. ನನ್ನ ಗರಗಸ. ನಾನು ಸತ್ತಿದೆ ಅಂತ ಕೊಯ್ದು ಬೀಗ ಹಾಕಿದ ಚಾಸಿ ಮೇಲೆ ನನ್ನ ತಂಗಿಯ ಮಗಳು ಕೂತಿದ್ದಾಳೆ.

ಮೂಳೆಗೆ ಜೀವ ಇದೆ, ಒಳಗಿಂದ ಬೆಳೆದು ಕೂಡುತ್ತೆ. ಇದು ಅಲ್ಯೂಮಿನಿಯಂ. ಯಾವನೋ ಮೇಲೆ ಮೆತ್ತಿ ಉಜ್ಜಿ ಬಣ್ಣ ಬಳಿದಿದ್ದಾನೆ. ಒಳಗೆ ಕೊಯ್ದ ಬಾಯಿ ಹಾಗೇ ಇರುತ್ತೆ. ಹ್ಯಾಂಡಲ್ ನಡುಗೋದು ಗಾಳಿಗಲ್ಲ, ಕುತ್ತಿಗೆ ಅಲ್ಲಾಡ್ತಾ ಇದೆ. ಒಂದು ಹಳ್ಳ ಸಾಕು.

ಶೆಡ್ಡಿನಿಂದ ಅಲ್ಲಿಗೆ ಹೇಗೆ ಬಂತೋ ಗೊತ್ತಿಲ್ಲ. ಯಾರೋ ಕದ್ದಿರಬೇಕು. ಅದು ನನ್ನ ತಲೆನೋವು.

ಉತ್ತರ ಬರೆ. ಇಳಿದೆ ಅಂತ ಬರೆ. ಅಷ್ಟು ಸಾಕು.

ದೊಡ್ಡಮ್ಮ


ಫೆಬ್ರವರಿ 27

ಉತ್ತರ ಇಲ್ಲ.

ಹೊಲಿಗೆಯವಳು ಮತ್ತೆ ಮಾಡಿದಳು. ಗಂಟೆ ಹೋಗುತ್ತೆ, ಯಾರೂ ಎತ್ತಲ್ಲ ಅಂತ ಸನ್ನೆ ಮಾಡ್ತಾಳೆ. ನಿನ್ನ ಅತ್ತಿಗೆ ಮುಖ ನೋಡಿದೆ, ಕೆಟ್ಟ ಸುದ್ದಿ ಬಚ್ಚಿಟ್ಟ ಮುಖ ಅಲ್ಲ. ನಿಮ್ಮಮ್ಮ ನಿನ್ನೆ ತಾನೇ ಇವಳ ಜೊತೆ ಮಾತಾಡಿ ನಕ್ಕಳಂತೆ. ಅಂದರೆ ಬದುಕಿದ್ದೀಯ. ಬದುಕಿದ್ದೂ ಬರೀತಿಲ್ಲ.

ನನಗೆ ಕೂರೋಕೆ ಆಗ್ತಿಲ್ಲ. ಊಟದ ತಟ್ಟೆ ಮುಂದೆ ಕೂತರೆ ಎದ್ದು ಬರ್ತೀನಿ. ನೆಲಕ್ಕೆ ಕಾಲಿಟ್ಟರೆ ಜುಮ್ ಅನ್ನುತ್ತೆ, ಗ್ರೈಂಡರ್ರೋ ನನ್ನ ಕಾಲೋ ತಿಳಿಯಲ್ಲ. ಪಾದರಸ ಅಂತ ನಿನ್ನ ಕರೆದದ್ದಕ್ಕೆ ಈಗ ನನಗೇ ಅದೇ ಗತಿ ಆಗಿದೆ.

ಶೆಡ್ಡಿಗೆ ಹೋಗಿ ನೋಡಿದೆ. ಬಹಳ ದಿನದಿಂದ ಹೋಗಿರಲಿಲ್ಲ, ಮೆಟ್ಟಿಲು ಇಳಿಯೋದು ಕಷ್ಟ. ಖಾಲಿ. ಒಂದೇ ಒಂದು ಚಾಸಿ ಇಲ್ಲ. ಗೋಡೆ ಮೇಲೆ ಅವು ಒರಗಿದ್ದ ಕಡೆ ಎಣ್ಣೆಯ ನೆರಳು ಮಾತ್ರ ಇದೆ.

ಕಳ್ಳ ಬಂದಿಲ್ಲ. ಬೀಗ ಒಡೆದಿಲ್ಲ. ಆ ಬೀಗಕ್ಕೆ ಎರಡೇ ಕೀಲಿ ಕೈ. ಒಂದು ನನ್ನ ಸೊಂಟದಲ್ಲಿದೆ. ಇನ್ನೊಂದರ ಮಾತು ಈಗ ಬೇಡ.

ಬರೆಯೇ ತಾಯಿ.


ಮಾರ್ಚ್ 2

ದೊಡ್ಡಮ್ಮ,

ಇಳಿದೆ.

ಮೊದಲು ಅದನ್ನೇ ಬರೆದೆ, ನೀನು ಕೇಳಿದ ಹಾಗೆ. ತಡವಾಗಿದ್ದಕ್ಕೆ ಬೈ. ನಿನ್ನ ಮುಂದೆ ಇಡೋಕೆ ಏನಾದರೂ ಕೈಯಲ್ಲಿ ಹಿಡ್ಕೊಂಡೇ ಬರೀಬೇಕು ಅಂತ, ಫೋನೂ ಎತ್ತದೆ ಕಾದೆ. ನಾನು, ಕಾದೆ.

ಹೌದು, ಕೊಂಡಾಗಿತ್ತು. ನಿನಗೆ ಮೊದಲ ಕಾಗದ ಹಾಕಿದ ದಿನವೇ ಕೊಂಡೆ. ಇಲ್ಲಿ ಗೆಳತಿಯ ಮನೆಯ ಹಿತ್ತಲಲ್ಲಿ ನಿಲ್ಲಿಸ್ತಾ ಇದ್ದೆ. ಅಮ್ಮನಿಗೆ ಸಂಜೆ ಡ್ಯೂಟಿ ಅಂತ ಹೇಳಿ ಕೆರೆ ಏರಿ ತನಕ ಹೋಗಿ ಬರ್ತಿದ್ದೆ. ಹೊಲಿಗೆಯವರು ಫೋನು ಮಾಡಿದ ದಿನ ಸರಿ ಅಂದೆ, ಮೂರು ದಿನ ಸುಮ್ಮನಿದ್ದು ಆಮೇಲೆ ಇವತ್ತೊಂದು ದಿನ ಅಂತ ಮತ್ತೆ ಹೋದೆ. ತಿರುವಿನಲ್ಲಿ ಚಳಿ ಜಾಸ್ತಿಯಾಗಿತ್ತು. ವಾಪಸ್ ಬರ್ತಾ ನಿಧಾನಕ್ಕೆ ಬಂದೆ, ಯಾಕೆ ಅಂತ ಗೊತ್ತಿಲ್ಲದೇ. ಮಾರನೇ ದಿನ, ಅಂಚೆಯಲ್ಲಿ ತಡವಾದ ಹದಿನೈದರದೂ ಸೇರಿ, ನಿನ್ನ ಎರಡು ಕಾಗದ ಒಟ್ಟಿಗೆ ಬಂತು. ಒಂದನ್ನ ಮೆಟ್ಟಿಲ ಮೇಲೆ ಓದಿದೆ, ಇನ್ನೊಂದನ್ನ ಓದೋಕೆ ಕೂತುಕೊಳ್ಳಬೇಕಾಯಿತು.

ಆದರೂ ಮನಸ್ಸು ಒಪ್ಪಲಿಲ್ಲ. ನೀನು ಇಲ್ಲಿಗೆ ಬಂದು ಮುಟ್ಟಿ ನೋಡಿಲ್ಲವಲ್ಲ, ಎಲ್ಲೋ ತಪ್ಪಿರಬಹುದು ಅನ್ನಿಸ್ತಾನೇ ಇತ್ತು. ಅದಕ್ಕೆ ನನಗೆ ಗೊತ್ತಿರೋ ಕೆಲಸ ಮಾಡಿದೆ. ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಹೊರರೋಗಿಗಳು ಇರಲ್ಲ. ಪೆಟ್ರೋಲ್ ಪೂರ್ತಿ ಇಳಿಸಿ, ಸ್ಟ್ರೆಚರ್ ತಳ್ಳೋ ಅಣ್ಣನ ಕೈಕಾಲು ಹಿಡಿದು, ಇಬ್ಬರೂ ಸೇರಿ ಸ್ಟ್ರೆಚರ್ ಬರೋ ಇಳಿಜಾರಿನಲ್ಲಿ ಗಾಡಿಯನ್ನ ಎಕ್ಸ್‌ರೇ ಕೋಣೆಗೆ ತಳ್ಳಿದೆವು. "ಏನು ತೊಂದರೆ ಇವರಿಗೆ?" ಅಂತ ಕೇಳಿದರು ಅಣ್ಣ. ಕುತ್ತಿಗೆ ನೋವು ಅಂದೆ. ಮೆಷಿನ್ನು ರೋಗಿಯ ಹೆಸರು ಕೇಳುತ್ತೆ, ಕೊಡದೆ ಮುಂದೆ ಹೋಗಲ್ಲ. ಕೆಂಪಿ ಅಂತ ಹಾಕಿದೆ. ವಯಸ್ಸು ಆರು. ಫಿಲ್ಮಿನ ಹಲಗೆಯನ್ನ ಬ್ಯಾಂಡೇಜಿನಿಂದ ಕುತ್ತಿಗೆಗೆ ಕಟ್ಟಿ, ಗಾಜಿನ ಹಿಂದೆ ಹೋಗಿ ನಿಂತೆ. ಉಸಿರು ಹಿಡೀರಿ ಅಂತ ಬಾಯಿಗೆ ಬಂದೇಬಿಟ್ಟಿತು. ಇಷ್ಟು ವರ್ಷದಲ್ಲಿ ಅಲುಗಾಡದ ಮೊದಲ ರೋಗಿ. ಉಸಿರು ಹಿಡಿದದ್ದು ನಾನು.

ಚಿತ್ರ ಬಂತು ದೊಡ್ಡಮ್ಮ. ಉಬ್ಬಿನ ಒಳಗೆ ಕಪ್ಪು ಗೆರೆ, ಓರೆಯಾಗಿ ಮೇಲಕ್ಕೆ. ದೊಡ್ಡಪ್ಪ ಹೇಳ್ತಿದ್ದ ನಿನ್ನ ಸಹಿ. ಹೊರಗಡೆ ಮಾತ್ರ ಉಗುರಿನಷ್ಟು ತೆಳ್ಳಗೆ ಮೆತ್ತಿದ್ದಾರೆ, ಒಳಗೆ ಬಾಯಿ ತೆರೆದೇ ಇದೆ. ಆ ಗೆರೆಯ ತುದಿಯಿಂದ ಇನ್ನೊಂದು ಗೆರೆ ಹೊರಟಿದೆ, ಕೂದಲಿನಷ್ಟು ತೆಳ್ಳಗೆ, ಬಲಗಡೆಗೆ. ಅದು ನಿನ್ನದಲ್ಲ. ಅದು ನನ್ನದು. ನಾನು ಓಡಿಸಿ ಓಡಿಸಿ ಮಾಡಿದ್ದು. ಪೂರ್ತಿ ಮುರಿಯೋಕೆ ಇನ್ನೊಂದು ಬೆರಳಿನಷ್ಟು ಉಳಿದಿತ್ತು ಅಷ್ಟೇ.

ಸ್ಟ್ರೆಚರ್ ಅಣ್ಣ ಹೋಗಿ ಚಹಾ ತಂದುಕೊಟ್ಟರು.

ಜಿಮ್ ಮಾಸ್ತರನ್ನ ಆಸ್ಪತ್ರೆಗೇ ಕರೆಸಿದೆ. ಜಗಳಕ್ಕೇ ತಯಾರಾಗಿದ್ದೆ. ಫಿಲ್ಮು ಬೆಳಕಿಗೆ ಹಿಡಿದು ತೋರಿಸಿದೆ, ನೋಡಿದರು, ರೋಗಿಗಳ ಬೆಂಚಿನ ಮೇಲೆ ಕೂತುಬಿಟ್ಟರು. "ಮಗಳನ್ನ ದಿನಾ ಮುಂದೆ ಕೂರಿಸ್ಕೊಂಡು ಸ್ಕೂಲಿಗೆ ಬಿಡ್ತಿದ್ದೆ" ಅಂದರು. ಅದನ್ನೇ ಎರಡು ಸಲ ಅಂದರು. ಅವರು ಬುದ್ಧಿವಂತರಲ್ಲ, ಕಳ್ಳರೂ ಅಲ್ಲ. ಬಣ್ಣ ಬಳಿದ ಮೇಲೆ ಒಬ್ಬ ವೆಲ್ಡಿಂಗ್‌ನವನಿಂದ ಕೊಂಡವರು. ಇಬ್ಬರೂ ಅವನ ಹತ್ತಿರ ಹೋದೆವು. ಮೊದಲು ಹಾರಾಡಿದ, ಫಿಲ್ಮು ನೋಡಿ ಮೆತ್ತಗಾದ. ಚಾಸಿ ತಂದದ್ದು ಎಲ್ಲಿಂದ ಅಂತ ಕೇಳಿದೆ. ಹೇಳಿದ. ಇದೊಂದೇ ಅಲ್ಲ, ಒಂದು ಟೆಂಪೋ ತುಂಬ ತಂದನಂತೆ. ಉಳಿದವನ್ನೂ ಹೀಗೇ ಮಾಡಿ ಮಾರಿದ್ದಾನೆ, ಯಾರಿಗೆ ಅಂತ ನೆನಪಿಲ್ಲ ಅಂತಾನೆ.

ಅವನು ಹೇಳಿದ ಹೆಸರನ್ನ ನಾನು ಇಲ್ಲಿ ಬರೆಯಲ್ಲ. ನಿನ್ನ ಹತ್ತಿರ ಒಂದು ಕೀಲಿ ಕೈ ಇದೆ ಅಂದೆಯಲ್ಲ.

ಫಿಲ್ಮಿನ ಇನ್ನೊಂದು ಪ್ರತಿ ಇದರ ಜೊತೆ ಇಟ್ಟಿದ್ದೀನಿ. ಮಡಚಬೇಡ. ಬೆಳಕಿಗೆ ಹಿಡಿ.

ಬಸ್ಸಿನಲ್ಲಿ ಕಾಲು ಮತ್ತೆ ಕುಣಿಯೋಕೆ ಶುರುವಾಗಿದೆ.

ಪಾದರಸ


ಮಾರ್ಚ್ 7

ಪಾದರಸಕ್ಕೆ,

ಫಿಲ್ಮು ಬಂತು. ಕಿಟಕಿಗೆ ಹಿಡಿದೆ. ನಿನ್ನ ಗೆರೆ ಎಷ್ಟು ಉದ್ದ ಇದೆ ಅಂತ ಬೆರಳಿಟ್ಟು ನೋಡಿದೆ. ಆಮೇಲೆ ನೀರು ಕುಡಿದೆ. ಬೈಗುಳ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ. ಅದು ನಿನಗೆ ಎದುರಿಗೇ ಸಿಗುತ್ತೆ.

ನಮ್ಮ ಮನೆಯಲ್ಲಿ ನನ್ನ ಜೊತೆ ಮಾತಾಡಬೇಕಾದರೆ ಸೀಮೆಸುಣ್ಣ ಬೇಕು. ಅಂಗಳದಲ್ಲಿ ಒಂದು ಹಳೇ ಕಪ್ಪು ಪೆಟ್ರೋಲ್ ಟ್ಯಾಂಕ್ ಇಟ್ಟಿದ್ದಾರೆ, ಅದರ ಮೇಲೆ ಬರೆದು ತೋರಿಸ್ತಾರೆ. ಊಟ ಆಯ್ತಾ, ಮಾತ್ರೆ ತಗೊಂಡೆಯಾ, ಅಷ್ಟೇ ಬರೆಯೋದು. ನಿನ್ನ ಅಣ್ಣನನ್ನ ಕರೆದೆ. ಕೆಲಸದವರನ್ನ ಹೊರಗೆ ಕಳಿಸಿದೆ. ಶೆಡ್ಡಿನ ಚಾಸಿ ಎಲ್ಲೋ ಅಂದೆ. ಕುಲುಮೆಗೆ ಕಳಿಸಿದೆ ಅಂತ ಬರೆದ. ಒಳ್ಳೇ ಅಕ್ಷರ ಅವನದು, ಓದಿದವನು. ನಾನು ಫಿಲ್ಮು ತೆಗೆದು ಟ್ಯಾಂಕಿನ ಮೇಲಿಟ್ಟೆ. ಇದು ಯಾರ ಗೆರೆ ಅಂದೆ. ನೋಡಿದ. ನಿನ್ನದು ಅನ್ನೋ ಹಾಗೆ ತಲೆ ಆಡಿಸಿದ. ಇದರ ಪಕ್ಕದ್ದು ಯಾರದು ಗೊತ್ತಾ ಅಂದು ನಿನ್ನ ಹೆಸರು ಹೇಳಿದೆ.

ತೋಳಿನಿಂದ ಬರೆದದ್ದನ್ನ ಒರೆಸಿದ. ಮತ್ತೆ ಬರೆದ, ತೂಕಕ್ಕೆ ಕೊಟ್ಟೆ, ಅವನು ವೆಲ್ಡ್ ಮಾಡ್ತಾನೆ ಅಂತ ಗೊತ್ತಿರಲಿಲ್ಲ. ಗರಗಸದ ಗೆರೆ ನೋಡಿಕೊಂಡು ಬೆಳೆದ ಹುಡುಗ. ಆ ಚಪ್ಪಲಿಯನ್ನ ಚೈನಿನಿಂದ ಬಿಡಿಸಿದ್ದು ಅವನೇ, ಆಗ ಇಷ್ಟುದ್ದ ಇದ್ದ. ಅಳಿಸು ಅಂದೆ. ಅಳಿಸಿದ. ಸರಿಯಾಗಿ ಬರೆ ಅಂದೆ. ಸೀಮೆಸುಣ್ಣ ಹಿಡಿದು ನಿಂತ. ನಿನ್ನ ಅತ್ತಿಗೆ ಬಾಗಿಲಿಗೆ ಬಂದಳು, ನನ್ನ ಮುಖ ನೋಡಿ ಒಳಗೆ ಹೋದಳು.

ಗೊತ್ತಿತ್ತು ಅಂತ ಬರೆದ.

ಆ ಟ್ಯಾಂಕನ್ನ ಒರೆಸೋಕೆ ನಾನು ಬಿಟ್ಟಿಲ್ಲ. ಅಂಗಳದಲ್ಲೇ ಇದೆ. ಹೋಗ್ತಾ ಬರ್ತಾ ಓದಲಿ. ಅವನ ಕೀಲಿ ಕೈ ಈಗ ನನ್ನ ಸೊಂಟದಲ್ಲಿದೆ. ಗೇಟಿನ ಹತ್ತಿರ ಕುರ್ಚಿ ಹಾಕಿಸಿದ್ದೀನಿ. ಗರಗಸಕ್ಕೆ ಹೊಸ ಬ್ಲೇಡು ತರಿಸಿದ್ದೀನಿ. ಇನ್ನು ಕೊಯ್ದರೆ ಎರಡು ಮಗ್ಗುಲೂ.

ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವನನ್ನ ಪೊಲೀಸಿಗೆ ಕೊಡ್ತೀರಾ ಅಂತ ನಿನ್ನ ಅತ್ತಿಗೆ ಕಾಗದದ ಚೂರಿನಲ್ಲಿ ಬರೆದು ಕೇಳಿದಳು. ಅದನ್ನ ಆಮೇಲೆ ನೋಡೋಣ ಅಂದೆ. ಅದಕ್ಕೆ ಮುಂಚೆ ಆ ಟೆಂಪೋ ತುಂಬ ಹೋದದ್ದು ಎಲ್ಲೆಲ್ಲಿ ಓಡ್ತಾ ಇದೆ ಅಂತ ಗೊತ್ತಾಗಬೇಕು. ಒಂದೊಂದರ ಮೇಲೂ ಯಾರೋ ಕೂತಿದ್ದಾರೆ. ಯಾರ ಮುಂದೋ ಮಗು ಕೂತಿದೆ. ವೆಲ್ಡಿಂಗ್‌ನವನಿಗೆ ನೆನಪಿಲ್ಲವಂತಾ? ನಾನು ಅವನ ಅಂಗಡಿ ಮುಂದೆ ಕೂತರೆ ನೆನಪಾಗುತ್ತೆ. ನಿನ್ನ ಅಣ್ಣ ನನ್ನನ್ನ ಅಲ್ಲಿಗೆ ಕರ್ಕೊಂಡು ಬರ್ತಾನೆ. ಮನೆ ಮನೆಗೂ ಅವನೇ ಹೋಗಿ, ಈ ಗಾಡಿ ಓಡಿಸಬೇಡಿ, ಇದನ್ನ ಮಾರಿದವನು ನಾನು ಅಂತ ಹೇಳ್ತಾನೆ. ಒಪ್ಪಿದ್ದಾನೆ. ಒಪ್ಪದೆ ಏನು ಮಾಡ್ತಾನೆ.

ಆದರೆ ಅವನು ಏನು ಹೇಳ್ತಾನೆ, ಅವರು ಏನು ಹೇಳ್ತಾರೆ, ನನಗೆ ಕೇಳಲ್ಲ. ಅವನ ಬಾಯಿಂದ ಬಂದದ್ದನ್ನ ಈಗ ನಾನು ನಂಬಲ್ಲ. ನನಗೆ ಕಿವಿ ಬೇಕು. ನೀನು ಸುಳ್ಳುಬುರುಕಿ, ಗೊತ್ತು. ಆದರೂ ಇಳಿದೆ ಅಂತ ಮೊದಲ ಸಾಲಿನಲ್ಲಿ ಬರೆದೆ. ಆ ಫಿಲ್ಮು ಹಿಡಿದು ನನ್ನ ಪಕ್ಕ ನೀನು ನಿಲ್ಲಬೇಕು. ಜಿಮ್ ಮಾಸ್ತರನೂ ಬರಲಿ, ತೋಳು ಕೆಲಸಕ್ಕೆ ಬರುತ್ತೆ.

ಇನ್ನು ನಿನ್ನ ಗಾಡಿ. ಎಂಜಿನ್ ಒಳ್ಳೇದಿದೆ ಅಂದೆ, ಡಬ್ಬಿಯ ಸದ್ದಿಲ್ಲ ಅಂದೆ. ಅದನ್ನೂ ನಾನು ನಂಬಲ್ಲ. ಇಲ್ಲಿಗೆ ತರಿಸು. ಸ್ಟಾರ್ಟ್ ಮಾಡಿ ನನ್ನ ಅಂಗೈಯನ್ನ ಅದರ ಮೇಲಿಡು, ನನಗೆ ಅಲ್ಲಿ ಕೇಳಿಸುತ್ತೆ. ಸರಿ ಇದ್ದರೆ ನಮ್ಮಲ್ಲಿ ಮಗ್ಗುಲಿಗೆ ಮಾತ್ರ ಬಿದ್ದ ಗಾಡಿಯ ಒಂದು ನೆಟ್ಟಗಿನ ಚಾಸಿ ಇದೆ, ಅದರ ಮೇಲೆ ಕೂರಿಸೋಣ. ಕೆಂಪು ಬಣ್ಣದ ಮಾತೆತ್ತಿದರೆ ಅಲ್ಲಿಗೇ ಬಿಟ್ಟೆ. ಕೆಂಪಿಯ ಕುತ್ತಿಗೆಯನ್ನ ನಿನ್ನ ಕೈಯಲ್ಲೇ ಪೂರ್ತಿ ಕೊಯ್ಸ್ತೀನಿ. ನಾನು ನಿಂತು ನೋಡ್ತೀನಿ.

ನಿಮ್ಮಮ್ಮನಿಗೆ ನಾನು ಹೇಳಲ್ಲ. ನೀನು ಹೇಳು. ಹೇಳದೆ ಬಂದರೆ ಗೇಟಿನಲ್ಲಿ ನಾನೇ ಕೂತಿದ್ದೀನಿ, ಒಳಗೆ ಬಿಡಲ್ಲ.

ಬರ್ತೀಯೋ ಇಲ್ಲವೋ. ಅಮ್ಮನಿಗೆ ಹೇಳಿದೆಯೋ ಇಲ್ಲವೋ. ಎರಡಕ್ಕೂ ಉತ್ತರ ಹದಿನೈದನೇ ತಾರೀಖಿನೊಳಗೆ ನನ್ನ ಕೈಯಲ್ಲಿರಬೇಕು.

ದೊಡ್ಡಮ್ಮ